ಹಾವಿನ ಕಣ್ಣಿಗೆ ಎಷ್ಟು ಅಂಕ?

ನಮ್ಮ ಬೀದರ ಕಡೆ ಪಿಚ್ಚರ್ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಯಾರೂ ಕೇಳುವುದಿಲ್ಲ. ‘ಯಾನ್ ಕಥಿ?’ ಎಂದು ಕೇಳುತ್ತಾರೆ. ಕೇಳಿದವರಿಗೆ ಮೊದಲ ರೀಲಿನಿಂದ ಕೊನೆಯ ರೀಲಿನವರೆಗೆ ಕಥೆ ಹೇಳಲೇಬೇಕು. ಓಣಿಯ ಹತ್ತು ಮನೆಗಳಲ್ಲಿ ಒಬ್ಬಳಿಗೆ ಥೇಟರಿಗೆ ಹೋಗುವ ಭಾಗ್ಯ, ಉಳಿದ ಒಂಬತ್ತು ಮಂದಿಗೆ ಅವಳ ಬಾಯಿಯೇ ಬೆಳ್ಳಿತೆರೆ. ಜೋಳ ಹಸನು ಮಾಡುತ್ತ, ಮೆಂತ್ಯೆ ಸೋಸುತ್ತ ಕೇಳುವ ಆ ಕಥೆಯಲ್ಲಿ ಹೀರೋ ಗುಂಡು ತಗುಲಿ ಬಿದ್ದನೆಂದರೆ ಹೇಳುವಾಕೆಯೇ ಧೈರ್ಯ ತುಂಬುತ್ತಿದ್ದಳು: ‘ಅಂಜಬ್ಯಾಡ್ರಿ, ಇನ್ನಾ ಇಂಟರ್ವಲ್ ಆಗಿದ್ದಿಲ್ಲ, ಅವ ಹೆಂಗ್ ಸಾಯ್ತಾನ?’ ಪತ್ರಿಕೆಗಳಲ್ಲಿ ನಾನು ಓದಿದ ಎಷ್ಟೋ ಸಿನಿಮಾ ವಿಮರ್ಶೆಗಳಿಗಿಂತ ಈ ಒಂದು ಮಾತಿನಲ್ಲಿ ಹೆಚ್ಚು ತಿರುಳಿದೆ ಎಂದು ನನಗೆ ಅನ್ನಿಸುತ್ತದೆ.

ಇಂಥ ಪರಂಪರೆಯಲ್ಲಿ ಬೆಳೆದ ನಾವು ಮೂವರು ಗೆಳತಿಯರು. ನಾನು ಭಾಲ್ಕಿಯವಳು, ಮನೆಮಾತು ಕನ್ನಡ. ಇನ್ನೊಬ್ಬಳು ಔರಾದಿನವಳು, ಮನೆಯಲ್ಲಿ ಮರಾಠಿ. ಮೂರನೆಯವಳು ಬೀದರಿನ ಹಳೇ ಶಹರದವಳು, ಚೌಬಾರಾದ ಹತ್ತಿರದ ಮನೆ, ಮಾತು ದಖನಿ ಉರ್ದು. 1987ರಲ್ಲಿ ಬಿಎ ಮೊದಲ ವರ್ಷದ ಒಂದೇ ಬೆಂಚಿನಲ್ಲಿ ಕೂತವರು, ಮುಂದೆ ಮೂವರೂ ಟೀಚರುಗಳಾದೆವು. ಹಳೆಯ ಬಂಡಲ್ ಪಿಚ್ಚರುಗಳನ್ನು ನೋಡಿ, ಬೈದು, ನಕ್ಕು, ಅಂಕ ಕೊಡುವುದು ನಮ್ಮ ಹವ್ಯಾಸ. ಅಂಕ ಏಕೆಂದರೆ ನಮಗೆ ಬೇರೆ ರೀತಿ ಬರುವುದಿಲ್ಲ. ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಗೆರೆ ಎಳೆದಿದ್ದೇವೆ: ಅಳು, ಹಾಡು, ಸೀರೆ, ಫೈಟಿಂಗು, ಅಕಲು. ಒಂದೊಂದಕ್ಕೆ ಇಪ್ಪತ್ತು. ಮೂವತ್ತೈದು ಬಂದರೆ ಪಾಸು. ಅಕಲಿನ ಕಾಲಮ್ಮಿನಲ್ಲಿ ಹೆಚ್ಚಾಗಿ ಸೊನ್ನೆಗಳದ್ದೇ ಸಾಲು.

ಮೂರು ಮನೆಯಲ್ಲಿ ಮೂರು ಮಾತು ಎಂದಾಗ ದೂರದ ಊರಿನವರು ಅಚ್ಚರಿಪಡುತ್ತಾರೆ. ಬೀದರ ಜಿಲ್ಲೆಯ ಇತಿಹಾಸ ಬಲ್ಲವರಿಗೆ ಅದರಲ್ಲಿ ವಿಶೇಷವೇನೂ ಕಾಣದು. ನಿಜಾಮರ ಕಾಲದಿಂದ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಜಿಲ್ಲೆಯನ್ನು 1956ರ ನವೆಂಬರ್ 1ರಂದು ರೊಟ್ಟಿಯಂತೆ ಮುರಿದು ಹಂಚಿದರು. ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ನಕ್ಷೆಯಲ್ಲಿ ಗೆರೆ ಬಿತ್ತು, ಬೀಗತನದಲ್ಲಿ ಬೀಳಲಿಲ್ಲ, ಪಿಚ್ಚರಿನಲ್ಲಂತೂ ಇಲ್ಲವೇ ಇಲ್ಲ. ಒಂದೇ ಗೋಡೆಗೆ ಹಿಂದಿ, ತೆಲುಗು, ಮರಾಠಿ, ಕನ್ನಡದ ಪೋಸ್ಟರುಗಳನ್ನು ಒಂದರ ಮೇಲೊಂದು ಅಂಟಿಸುತ್ತಿದ್ದರು. ಮಳೆ ಬಂದು ಅರ್ಧ ಹರಿದಾಗ ರಾಜಕುಮಾರರ ಮುಖಕ್ಕೆ ದಾದಾ ಕೋಂಡಕೆಯವರ ದೊಗಲೆ ಚಡ್ಡಿ ಕೂಡಿದ್ದನ್ನು ನಾನೇ ನೋಡಿದ್ದೇನೆ. ದಾದಾ ಕೋಂಡಕೆಯವರ ಎರಡರ್ಥದ ಪಿಚ್ಚರುಗಳನ್ನು ‘ನಾವ್ ನೋಡಿಲ್ರಿ’ ಎನ್ನುವ ನಮ್ಮ ಕಡೆಯ ಗರತಿಯರಿಗೆ ಅದರ ಹಾಡುಗಳೆಲ್ಲ ಬಾಯಿಪಾಠ ಹೇಗೆ ಬರುತ್ತಿದ್ದವೋ, ದೇವರೇ ಬಲ್ಲ.

ನನ್ನ ಅಜ್ಜಿಯ ಕಾಲದಲ್ಲಿ ಹೆಂಗಸರಿಗೆ ಜನಾನಾ ಎಂಬ ಬೇರೆ ಜಾಗ, ಮುಂದೆ ಪರದೆ. ದೀಪ ಆರಿದ ಮೇಲೆ ಪರದೆ ಸರಿಸುವುದು, ದೀಪ ಹತ್ತುವ ಮೊದಲು ಎಳೆಯುವುದು. ಅಜ್ಜಿ ಹೇಳುತ್ತಿದ್ದಳು, ಆ ಕತ್ತಲೆಯಲ್ಲಿ ಆಡುತ್ತಿದ್ದ ಮಾತುಗಳನ್ನು ಹೊರಗೆ ಆಡಿದ್ದರೆ ಮನೆಗೆ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಪರದೆಯ ಹಿಂದಿನ ಆ ಹೆಂಗಸರೇ ನಮ್ಮ ವಿಮರ್ಶೆಯ ಮೂಲಗುರುಗಳು.

ನಮ್ಮ ಪುಸ್ತಕದ ಮೊದಲ ಪುಟದಲ್ಲಿ ‘ಜೈ ಸಂತೋಷಿ ಮಾ’. 1975ರಲ್ಲಿ, ‘ಶೋಲೆ’ ಬಂದ ವರ್ಷವೇ ಬಂದ ಪಿಚ್ಚರು. ಶೋಲೆಗೆ ಸುರಿದ ಹಣವೆಷ್ಟು, ಇದಕ್ಕೆ ಖರ್ಚಾದ ಅಲ್ಪ ಹಣವೆಷ್ಟು! ಆದರೂ ಆ ವರ್ಷದ ದೊಡ್ಡ ಗೆಲುವುಗಳಲ್ಲಿ ಇದೂ ಒಂದು. ಮಂದಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು, ತೆರೆಗೆ ಹೂವು, ಚಿಲ್ಲರೆ ಎಸೆದರು. ಅದುವರೆಗೆ ಹೆಚ್ಚಿನವರು ಹೆಸರೇ ಕೇಳಿರದ ದೇವಿಗೆ ಊರೂರಲ್ಲಿ ಹದಿನಾರು ಶುಕ್ರವಾರದ ವ್ರತ ಶುರುವಾಯಿತು. ಬೆಲ್ಲ, ಪುಠಾಣಿ ನೈವೇದ್ಯ, ಅಂದು ಹುಳಿ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಅವ್ವ, ದೊಡ್ಡವ್ವ, ಅತ್ತಿ ಮೂವರೂ ವ್ರತ ಹಿಡಿದಿದ್ದರಿಂದ ನಾಲ್ಕು ತಿಂಗಳು ಶುಕ್ರವಾರದ ಸಾರಿಗೆ ಹುಣಸೆ ಇಲ್ಲದೆ ಹೋಯಿತು. ಅಪ್ಪ ಮಾತ್ರ ‘ಈ ದೇವಿ ಕಿರಾಣಿ ಅಂಗಡಿಯವನ ಪೈಕಿ ಇರಬೇಕು, ಪುಠಾಣಿ ರೇಟು ಏರ್‍ಯಾದ’ ಎನ್ನುತ್ತಿದ್ದರು.

ಈಗ ಅದನ್ನು ನೋಡಿದರೆ ಸ್ವರ್ಗದ ಮೋಡಗಳು ಅರಳೆ ಅಂಗಡಿಯಿಂದ ತಂದಂತೆ ಕಾಣುತ್ತವೆ. ಲಕ್ಷ್ಮಿ, ಪಾರ್ವತಿ, ಬ್ರಹ್ಮಾಣಿಯರು ಹೊಸ ದೇವಿಯ ಮೇಲೆ ಹೊಟ್ಟೆಕಿಚ್ಚು ಪಡುವ ರೀತಿ ನೋಡಿ ಔರಾದಿನವಳು ಹೇಳಿದ್ದು: ‘ನಮ್ಮನ್ಯಾಗಿನ ವೈನಿಗೋಳಿಗೆ ಕಿರೀಟ ಇಟ್ಟಂಗ ಅದ.’ ನಗು ಬಂತು, ಆದರೆ ನಿಜವಾದ ಮಾತು. ಕೆಳಗೆ ಭೂಮಿಯ ಮೇಲೆ ಸತ್ಯವತಿಯನ್ನು ಗಂಡನ ಮನೆಯ ನೆಗೆಣ್ಣಿಯರು ಕಾಡುತ್ತಾರೆ, ಮೇಲೆ ಸಂತೋಷಿಯನ್ನು ಹಳೇ ದೇವಿಯರು ಕಾಡುತ್ತಾರೆ. ಎರಡು ಲೋಕಗಳಲ್ಲೂ ಒಂದೇ ಅಡುಗೆಮನೆ. ನನ್ನ ಅವ್ವನಂಥವರು ಚಿಲ್ಲರೆ ಎಸೆದದ್ದು ಬರೀ ದೇವಿಗೆ ಎಂದು ನಾನು ತಿಳಿಯುವುದಿಲ್ಲ, ತಮ್ಮ ಮನೆಯ ಸುದ್ದಿ ತೆರೆಯ ಮೇಲೆ ಬಂತಲ್ಲ ಎಂಬುದಕ್ಕೂ ಎಸೆದಿರಬೇಕು. ಅದೇ 1975ರಲ್ಲಿ ‘ರಾಕಿ ಹಾರರ್ ಪಿಕ್ಚರ್ ಷೋ’ ಎಂಬ ವಿಚಿತ್ರ ಪಿಚ್ಚರು ಬಂದು, ಮರುವರ್ಷದಿಂದ ನ್ಯೂಯಾರ್ಕಿನ ಮಂದಿ ಮಧ್ಯರಾತ್ರಿ ಆಟಕ್ಕೆ ಹೋಗತೊಡಗಿದರು. ಮದುವೆಯ ದೃಶ್ಯ ಬಂದಾಗ ಅವರು ಅಕ್ಕಿ ಎಸೆಯುತ್ತಿದ್ದರಂತೆ. ಅವರದ್ದಕ್ಕೆ ‘ಕಲ್ಟ್’ ಎಂದು ಹೆಸರು ಬಂತು, ನಮ್ಮವರದ್ದಕ್ಕೆ ಮೂಢನಂಬಿಕೆ ಎಂದು!

ಹಾವಿನ ಪಿಚ್ಚರುಗಳಿಗೆ ನಮ್ಮ ಪುಸ್ತಕದಲ್ಲಿ ನಾಲ್ಕು ಪುಟ. 1976ರ ‘ನಾಗಿನ್’ನಲ್ಲಿ ರಾಜಕುಮಾರ್ ಕೊಹ್ಲಿಯವರು ಆ ಕಾಲದ ಅರ್ಧ ಮುಂಬೈಯನ್ನೇ ಸೇರಿಸಿದ್ದರು. ಸುನೀಲ್ ದತ್, ಫಿರೋಜ್ ಖಾನ್, ಸಂಜಯ್ ಖಾನ್, ಕಬೀರ್ ಬೇಡಿ, ವಿನೋದ್ ಮೆಹ್ರಾ, ಅನಿಲ್ ಧವನ್. ನಾಗನಾದ ಜಿತೇಂದ್ರ ಸತ್ತ ಮೇಲೆ ನಾಗಿನಿಯಾದ ರೀನಾ ರಾಯ್ ಅವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಸೇಡು ತೀರಿಸಲು ಹೊರಡುತ್ತಾಳೆ. ಕೊಂದವರ ಚಿತ್ರ ಸತ್ತ ಹಾವಿನ ಕಣ್ಣಿನಲ್ಲಿ ಅಚ್ಚಾಗಿರುತ್ತದೆಂಬ ನಂಬಿಕೆಯೇ ಇಂಥ ಕಥೆಗಳ ಬೇರು. ಹಳೇ ಶಹರದವಳು ಇದಕ್ಕೆ ಕೊಟ್ಟ ಷರಾ: ‘ಫೋಟೋ ಸ್ಟುಡಿಯೋದವನು ಎಂಟು ದಿನ ಬಿಟ್ಟು ಬರ್ರಿ ಅಂತಾನ, ಈ ಹಾವು ನಿಂತ ಕಾಲ ಮ್ಯಾಲ ತೊಳ್ದು ಕೊಡ್ತದ. ಅದಕ್ಕ ಇಪ್ಪತ್ತಕ್ಕ ಇಪ್ಪತ್ತು ಹಾಕ್ರಿ.’ ಯಾವ ಕಾಲಮ್ಮಿನಲ್ಲಿ ಹಾಕುವುದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಆದರೆ ಈ ಫೋಟೋ ನಮ್ಮ ಶಾಲೆಯವರೆಗೂ ಬಂದಿತ್ತು. ನಾನು ನೌಕರಿಗೆ ಸೇರಿದ ಹೊಸದರಲ್ಲಿ, ನಾಗರ ಪಂಚಮಿಯ ಮರುದಿನ, ಆರನೆಯ ತರಗತಿಯ ಹುಡುಗನೊಬ್ಬ ಹೊಲದಲ್ಲಿ ಸತ್ತ ಹಾವಿನ ಕಣ್ಣು ಜಜ್ಜಿ ಬಂದಿದ್ದ. ಅವನ ಅಪ್ಪ ಅದನ್ನು ಕೊಂದಿದ್ದನಂತೆ. ಅಪ್ಪನ ಫೋಟೋ ಉಳಿಯಬಾರದಲ್ಲ! ಹುಡುಗ ನಡುಗುತ್ತಿದ್ದ. ಹಾವಿಗೆ ಹೊರಕಿವಿ ಇಲ್ಲ, ಅದು ಪುಂಗಿಯ ನಾದಕ್ಕಿಂತ ಪುಂಗಿಯ ಅಲುಗಾಟವನ್ನೇ ನೋಡುತ್ತದೆ, ಹಾಲು ಅದರ ಆಹಾರವಲ್ಲ, ಸೇಡಿನ ನೆನಪು ಅದಕ್ಕಿಲ್ಲ ಎಂದು ಒಂದು ಪೀರಿಯಡ್ ಪೂರ್ತಿ ಹೇಳಿದೆ. ಅವನ ಮುಖದಲ್ಲಿ ಸಮಾಧಾನ ಬರಲಿಲ್ಲ. ಕೊನೆಗೆ ಗೆಳತಿಯ ಸ್ಟುಡಿಯೋ ಮಾತನ್ನೇ ಹೇಳಿದೆ. ಇಡೀ ತರಗತಿ ನಕ್ಕಿತು, ಅವನೂ ನಕ್ಕ. ಪಾಠ ಮುಟ್ಟದ ಜಾಗಕ್ಕೆ ನಗು ಮುಟ್ಟಿತೆಂದು ನನಗೆ ಆಗ ತಿಳಿಯಿತು.

1986ರ ‘ನಗೀನಾ’ದ ಮಾತು ಬಂದರೆ ಮಾತ್ರ ನಮ್ಮಲ್ಲಿ ಜಗಳ. ಶ್ರೀದೇವಿಯ ಕಣ್ಣಿಗೆ ಹಾಕಿದ ಬಣ್ಣದ ಗಾಜು, ಅಮರೀಶ್ ಪುರಿಯ ಪುಂಗಿ, ಆ ಕೊನೆಯ ಕುಣಿತ. ನಗಲು ಕೂತವರು ಬಾಯಿ ತೆರೆದು ನೋಡುತ್ತ ಉಳಿಯುತ್ತೇವೆ. ಹೀಗೆ ಬಂಡಲ್ ಪಿಚ್ಚರಿನಲ್ಲಿ ಒಬ್ಬರು ಜೀವ ತೇದು ಅಭಿನಯಿಸಿದರೆ ಅಂಕ ಕೊಡುವುದು ಬಲು ಕಷ್ಟ.

ಕನ್ನಡದ ಪಾಲಿಗೆ ಬರುವುದಾದರೆ, ರಾಜಕುಮಾರರ ಸಿಐಡಿ 999 ಪಿಚ್ಚರುಗಳು. 1968ರಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಮಾಡಿದವರು ದೊರೈ–ಭಗವಾನ್ ಜೋಡಿ, ಅಂದರೆ ‘ಕಸ್ತೂರಿ ನಿವಾಸ’ ಮಾಡಿ ನಾಡನ್ನೇ ಅಳಿಸಿದವರೇ! ಗೋಡೆ ಒತ್ತಿದರೆ ಬಾಗಿಲು, ಕಳ್ಳರ ಗುಹೆಯಲ್ಲಿ ಮಿಣಿಮಿಣಿ ಬಣ್ಣದ ಬಲ್ಬುಗಳು. ಭಾಲ್ಕಿಯಲ್ಲಿ ಕರೆಂಟೇ ಇಲ್ಲದ ಸಂಜೆಗಳಲ್ಲಿ ಕಳ್ಳರ ಆ ಬಲ್ಬುಗಳನ್ನು ನೆನೆದು ನಮಗೆ ಹೊಟ್ಟೆಕಿಚ್ಚಾಗುತ್ತಿತ್ತು. ಡೈಮಂಡ್ ರಾಕೆಟ್‌ನಲ್ಲಿ ರಾಜಕುಮಾರರು ಪೂರ್ತಿ ಇಂಗ್ಲಿಷಿನಲ್ಲೇ ಹಾಡಿದ ಒಂದು ಹಾಡಿದೆ, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಇಂಗ್ಲಿಷಿನಲ್ಲಿ ನಪಾಸಾಗುತ್ತಿದ್ದ ನಮ್ಮ ತಮ್ಮಂದಿರೆಲ್ಲ ಅದನ್ನು ಎಷ್ಟು ಚೆನ್ನಾಗಿ ಹಾಡುತ್ತಿದ್ದರು!

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಭಾಲ್ಕಿಯಲ್ಲಿ ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಮುಂದಿನ ಪೀಳಿಗೆಗೆ ಪುಸ್ತಕದ ಕನ್ನಡವನ್ನು ಕಿವಿಗೆ ಹಾಕಿದವರಲ್ಲಿ ರಾಜಕುಮಾರರೂ ಒಬ್ಬರು. ‘ಯಾನ್ ಮಾಡ್ಲತ್ತಿ’ ಎನ್ನುವ ನಾವು ‘ಏನು ಮಾಡುತ್ತಿದ್ದೀಯೆ’ ಎಂಬುದನ್ನು ಜೀವಂತವಾಗಿ ಕೇಳಿದ್ದು ತೆರೆಯಿಂದಲೇ. ಸಿಐಡಿ 999 ಪಿಸ್ತೂಲು ಹಿಡಿದೂ ವ್ಯಾಕರಣ ತಪ್ಪುತ್ತಿರಲಿಲ್ಲ. ಕನ್ನಡ ಟೀಚರಾಗಿ ನಾನು ಅದಕ್ಕೆ ಪ್ರತ್ಯೇಕ ಐದು ಅಂಕ ಕೊಟ್ಟಿದ್ದೇನೆ. ಉಳಿದಿಬ್ಬರು ಪಕ್ಷಪಾತವೆಂದು ಗೊಣಗುತ್ತಾರೆ, ಗೊಣಗಲಿ.

ದೆವ್ವದ ಪಿಚ್ಚರುಗಳು ನಮಗೆ ಸಿಕ್ಕಿದ್ದು ವಿಡಿಯೋದ ಮೇಲೆ. ಒಂದು ರಾತ್ರಿಗೆ ಬಾಡಿಗೆಯ ವಿಸಿಆರ್, ಬಣ್ಣದ ಟಿವಿ, ಮೂರು ಕ್ಯಾಸೆಟ್ಟು; ಓಣಿಯವರೆಲ್ಲ ಚಂದಾ ಹಾಕಿ ತರಿಸುವುದು. ಥೇಟರಿಗೆ ಬಿಡದ ಮನೆಗಳ ಸೊಸೆಯರೂ ಚಾಪೆ ತಂದು ಕೂಡುತ್ತಿದ್ದರು. ರಾಮ್ಸೆ ಮನೆತನದ ಏಳು ಮಂದಿ ಅಣ್ಣತಮ್ಮಂದಿರು ನಿರ್ದೇಶನ, ಕ್ಯಾಮೆರಾ, ಧ್ವನಿ ಎಲ್ಲವನ್ನೂ ಹಂಚಿಕೊಂಡು ಮನೆಯ ಹೊಲ ಉತ್ತಂತೆ ದೆವ್ವದ ಪಿಚ್ಚರು ಮಾಡುತ್ತಿದ್ದರು. 1984ರ ‘ಪುರಾನಾ ಮಂದಿರ್’ನಲ್ಲಿ ಸಾಮ್ರಿ ಎಂಬ ರಕ್ಕಸನ ತಲೆ ಒಂದು ಕಡೆ, ಮುಂಡ ಒಂದು ಕಡೆ. ಆ ಹಾಳು ಹವೇಲಿಯನ್ನು ನೋಡಿ ಬರೀದಶಾಹಿ ಗೋರಿಗಳ ನಡುವೆ ಆಡಿ ಬೆಳೆದ ಹಳೇ ಶಹರದವಳು ಮೂಗು ಮುರಿದಳು: ‘ನಕ್ಕೋ ಗೇ, ಇದರಕಿಂತ ನಮ್ಮ ಹಿತ್ತಲ ಅಂಜಿಕಿ ಬರ್ತದ.’

1979ರ ‘ಜಾನಿ ದುಷ್ಮನ್’ ಕೂಡ ಕೊಹ್ಲಿಯವರದ್ದೇ. ಕೆಂಪು ಉಡುಪಿನ ಮದುಮಗಳನ್ನು ಕಂಡರೆ ರಕ್ಕಸನಾಗುವ ಠಾಕೂರ, ಮೈತುಂಬ ಕೂದಲು ಅಂಟಿಸಿಕೊಂಡ ಸಂಜೀವ್ ಕುಮಾರ್. ಎಂಥ ದೊಡ್ಡ ನಟ, ಎಂಥ ಕೂದಲು! ಹಳೇ ಶಹರದವಳು ತನ್ನ ನಿಕಾಹದ ಹೊತ್ತಿಗೆ ‘ಲಾಲ್ ಜೋಡಾ ಉಟ್ಕೋತೀನಿ, ಆದ್ರ ಡೋಲಿ ಬ್ಯಾಡ, ಅಂಬಾಸಡರ್ ಕರಸ್ರಿ’ ಎಂದು ಹಟ ಹಿಡಿದಿದ್ದು ಇದೇ ಪಿಚ್ಚರಿನ ಪ್ರತಾಪ.

ನಮ್ಮ ಪುಸ್ತಕದಲ್ಲಿ ಬಹಳ ಕಾಲ ಖಾಲಿ ಉಳಿದ ಒಂದು ಸಾಲು ಇತ್ತು, ‘ಮಾಹೇರಚಿ ಸಾಡಿ’. 1991ರಲ್ಲಿ ವಿಜಯ ಕೋಂಡಕೆಯವರು ಮಾಡಿದ ಮರಾಠಿ ಪಿಚ್ಚರು, ರಾಜಸ್ಥಾನಿಯ ‘ಬಾಯಿ ಚಾಲಿ ಸಾಸರಿಯೆ’ಯಿಂದ ತಂದ ಕಥೆ. ತವರಿನ ಸೀರೆ ಎಂದು ಅರ್ಥ. ಅಲಕಾ ಕುಬಲ್ ಸೊಸೆ, ಉಷಾ ನಾಡಕರ್ಣಿ ಅತ್ತೆ. ಔರಾದ, ಭಾಲ್ಕಿಯ ಹೆಂಗಸರು ಟೆಂಪೋ ಮಾಡಿಕೊಂಡು ಉದಗೀರಿಗೆ ಹೋಗಿ ನೋಡಿದರು. ಸೆರಗು ಒದ್ದೆಯಾಗದೆ ಬಂದವಳಿಲ್ಲ. ನಾವು ಮೂವರೂ ಅತ್ತವರೇ.

ಔರಾದಿನವಳ ಅಕ್ಕನನ್ನು ಗಡಿಯಾಚೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಅವರ ಮನೆಯಲ್ಲಿ ಅತ್ತೆ ಸೊಸೆಯನ್ನು ಮುದ್ದಾಂ ಈ ಪಿಚ್ಚರಿಗೆ ಕರೆದುಕೊಂಡು ಹೋಗಿ, ‘ನೋಡು, ಸಹಿಸ್ಕೊಂಡು ಇರೋದಂದ್ರ ಹಿಂಗ’ ಎಂದು ತೋರಿಸಿದರಂತೆ. ಮುಂದಿನ ವರ್ಷ ಅಕ್ಕ ಎರಡು ವರ್ಷದ ಮಗಳನ್ನು ಎತ್ತಿಕೊಂಡು, ಒಂದು ಕೈಚೀಲ ಹಿಡಿದು ತವರಿಗೆ ಬಂದಳು. ಆಗ ಊರ ಮಂದಿ ಬಾಯಿಗೂ ಅದೇ ಪಿಚ್ಚರು: ‘ಆ ಲಕ್ಷ್ಮಿ ಎಷ್ಟ್ ತಡಕೊಂಡಳು, ಇಕಿಗೇನಾಗಿತ್ತು?’ ಅದಕ್ಕೇ ನಾವು ಆ ಸಾಲನ್ನು ಮುಟ್ಟುತ್ತಿರಲಿಲ್ಲ.

ಒಂದು ರಾತ್ರಿ ಔರಾದಿನ ಅವರ ಓಣಿಯಲ್ಲೇ ಯಾರೋ ಆ ಕ್ಯಾಸೆಟ್ಟು ತರಿಸಿದರು. ನಾವೂ ಅಲ್ಲಿದ್ದೆವು. ಅಕ್ಕ ಎದ್ದು ಹೋಗುತ್ತಾಳೆಂದು ತಿಳಿದಿದ್ದೆವು, ಹೋಗಲಿಲ್ಲ. ಸುತ್ತಲಿನವರೆಲ್ಲ ಮೂಗು ಒರೆಸುತ್ತಿದ್ದ ಹೊತ್ತಿನಲ್ಲಿ ಅಕ್ಕ ದೊಡ್ಡ ದನಿಯಲ್ಲಿ ಅಂದಳು: ‘ಇಷ್ಟ್ ಹಾಡ್ ಹಾಡ್ಲತ್ತಾಳ, ಅಣ್ಣಗ ಒಂದ್ ಕಾರ್ಡ್ ಬರೀಲಿಕ್ಕ್ ಬರಲ್ಲೇನ್ ಇಕಿಗಿ? ಹದಿನೈದು ಪೈಸೆ!’ ಒಂದು ಗಳಿಗೆ ಯಾರೂ ಉಸಿರಾಡಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಒಬ್ಬ ಮುದುಕಿ ಫಕ್ಕನೆ ನಕ್ಕಳು, ಅವಳ ಹಿಂದೆ ಚಾಪೆಯ ತುಂಬ ನಗು. ಅತ್ತೆಯಂದಿರು ಮಾತ್ರ ಟಿವಿಯನ್ನೇ ನೋಡುತ್ತಿದ್ದರು. ಅಂದಿನಿಂದ ಊರಿನಲ್ಲಿ ಅಕ್ಕನ ಮುಂದೆ ಆ ಪಿಚ್ಚರಿನ ಹೆಸರನ್ನು ಯಾರೂ ಎತ್ತಲಿಲ್ಲ. ಪುಸ್ತಕದಲ್ಲಿ ಅಂಕ ಹಾಕಿದವಳೂ ಅವಳೇ: ಅಳು ಇಪ್ಪತ್ತಕ್ಕೆ ಇಪ್ಪತ್ತು, ಅಕಲು ಸೊನ್ನೆ, ಸೀರೆ ಹದಿನೆಂಟು. ‘ಸೀರಿ ಛಲೋ ಇತ್ತು, ಸುಳ್ಳ್ಯಾಕ ಹೇಳಬೇಕು’ ಎಂದಳು. ಮುಂದೆ ಹೊಲಿಗೆ ಯಂತ್ರ ಹಾಕಿ ಮಗಳನ್ನು ಓದಿಸಿದಳು. ಮಗಳು ಈಗ ಕಲಬುರಗಿಯಲ್ಲಿ ನರ್ಸು.

ಆ ಮಗಳೇ ಒಮ್ಮೆ ಹೇಳಿದಳು, ಅಮೆರಿಕದ ಮಿನೆಸೋಟಾದಲ್ಲಿ 1988ರಿಂದ ಒಂದು ಟಿವಿ ಕಾರ್ಯಕ್ರಮ ಬರುತ್ತಿತ್ತಂತೆ: ಒಬ್ಬ ಮನುಷ್ಯ, ಜೊತೆಗೆ ಗೊಂಬೆ ರೋಬೋಟುಗಳು, ಕೂತು ಕೆಟ್ಟ ಪಿಚ್ಚರು ನೋಡುತ್ತ ಟೀಕೆ ಮಾಡುವುದು, ಅದಕ್ಕೆ ಸಂಬಳ ಬೇರೆ. ‘ಮಾವಶಿ, ನಿಮಗೂ ಕೊಡಬೇಕಾಗಿತ್ತು’ ಎಂದಳು. ಹಳೇ ಶಹರದವಳು ರೋಬೋಟು ಯಾರಾಗಬೇಕು ಎಂದು ಕೇಳಿ ನನ್ನ ಕಡೆ ನೋಡಿದಳು.

ಈಗ ವಿಸಿಆರ್ ಹೋಯಿತು, ಕ್ಯಾಸೆಟ್ಟು ಹೋಯಿತು, ಎಲ್ಲ ಪಿಚ್ಚರೂ ಮೊಬೈಲಿನೊಳಗೆ ಅಡಗಿವೆ. ಬೇಸಿಗೆ ರಜೆಯಲ್ಲಿ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಮೊಬೈಲಿಗೆ ಟಿವಿ ಜೋಡಿಸಿ, ಚೂಡಾ ಡಬ್ಬಿ ನಡುವೆ ಇಟ್ಟುಕೊಂಡು ಕೂಡುತ್ತೇವೆ. ಕಳೆದ ಸಲ 1988ರ ‘ವೀರಾನಾ’ ಹಚ್ಚಿದೆವು. ದೆವ್ವ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹಾಜರಿ ಪುಸ್ತಕದಲ್ಲಿ ಆ ಸಾಲಿಗೆ ‘ಗೈರುಹಾಜರಿ’ ಎಂದು ಬರೆದಿದ್ದೇವೆ, ಮರುಪರೀಕ್ಷೆ ದಸರಾ ರಜೆಯಲ್ಲಿ.