ಆಕ್ಯುಪಂಕ್ಚರ್

ಆಕ್ಯುಪಂಕ್ಚರ್ ಅಥವಾ ಸೂಜಿ ಚಿಕಿತ್ಸೆಯು ಚೀನಾದ ಸಾಂಪ್ರದಾಯಿಕ ವೈದ್ಯಪದ್ಧತಿಯ ಒಂದು ಅಂಗ. ‘ಚೀ’ ಎಂಬ ಪ್ರಾಣಶಕ್ತಿಯು ದೇಹದ 12 ಪ್ರಧಾನ ಪಥಗಳಲ್ಲಿ ಹರಿಯುತ್ತದೆ, ಆ ಹರಿವು ಕೆಟ್ಟಾಗ ರೋಗ ಬರುತ್ತದೆ ಎಂಬುದು ಇದರ ತತ್ತ್ವ. ಗೊತ್ತುಪಡಿಸಿದ 361 ಬಿಂದುಗಳಲ್ಲಿ ಆಯ್ದ ಕೆಲವಕ್ಕೆ ತೆಳುವಾದ ಸೂಜಿ ಚುಚ್ಚಿ ಅದನ್ನು ಸರಿಪಡಿಸಲು ಯತ್ನಿಸಲಾಗುತ್ತದೆ. ಸುಶ್ರುತನ 107 ಮರ್ಮಗಳೊಡನೆ ಇವನ್ನು ಸಮೀಕರಿಸುವುದುಂಟು. ಮರ್ಮಗಳು ಶಸ್ತ್ರ ತಾಗದಂತೆ ಕಾಪಾಡಬೇಕಾದ ಸ್ಥಾನಗಳಾದುದರಿಂದ ಈ ಹೋಲಿಕೆ ಸರಿಯಲ್ಲ.

ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನ ಪದವಿಯ ವಿದ್ಯಾರ್ಥಿಗಳು ಇದನ್ನು ಪಠ್ಯವಿಷಯವಾಗಿ ಕಲಿಯುತ್ತಾರೆ.

‘ಚೀ’ಯ ಇರವಿಗೆ ಅಂಗರಚನಾಶಾಸ್ತ್ರದಲ್ಲಿ ಆಧಾರವಿಲ್ಲ. ದೀರ್ಘಕಾಲದ ಬೆನ್ನುನೋವು, ಮಂಡಿನೋವು, ಅರೆತಲೆನೋವುಗಳಲ್ಲಿ ಉಪಶಮನ ಕಂಡುಬಂದಿದೆಯಾದರೂ, ಪ್ರಯೋಗಗಳಲ್ಲಿ ತೋರಿಕೆಗಷ್ಟೇ ಸೂಜಿ ಚುಚ್ಚಿಸಿಕೊಂಡವರಿಗೂ ಅದರ ಬಹುಪಾಲು ದೊರೆತಿರುವುದು ಗಮನಾರ್ಹ. ಮಧುಮೇಹ, ಕ್ಷಯದಂಥ ರೋಗಗಳಿಗೆ ಇದನ್ನೇ ನೆಚ್ಚಿ ಔಷಧ ನಿಲ್ಲಿಸುವುದು ಅಪಾಯಕರ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್-ಬಿ ಹರಡಬಹುದು. ಎದೆಯ ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ಗಾಯವಾಗಬಹುದು.