ಮೋಟಾರು ವಾಹನ ತಪಾಸಣೆ: ಕೇರಳದ ಕಾನೂನು

ಕೇರಳದಲ್ಲಿ ವಾಹನ ತಪಾಸಣೆಗೆ ಆಧಾರ 1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ನಿಯಮಗಳು ಮತ್ತು ಅದೇ ವರ್ಷದ ಕೇರಳ ನಿಯಮಗಳು. ಜಾರಿಯ ಹೊಣೆ ತಿರುವನಂತಪುರದ ಸಾರಿಗೆ ಆಯುಕ್ತರದು. ತಕರಾರು ಬಂದಾಗ ಅರ್ಥ ಬಿಡಿಸುವುದು ಕೊಚ್ಚಿಯಲ್ಲಿರುವ ಹೈಕೋರ್ಟು. ತಿರುವನಂತಪುರದ ಕೆಎಲ್-01ಕ್ಕೂ ಎರ್ನಾಕುಳಂನ ಕೆಎಲ್-07ಕ್ಕೂ ಕಾಸರಗೋಡಿನ ಕೆಎಲ್-14ಕ್ಕೂ ನಿಯಮ ಒಂದೇ.

ಎಲ್ಲಕ್ಕೂ ಬೇರು ಕಾಯ್ದೆಯ 56ನೇ ಕಲಮು. ಅರ್ಹತಾ ಪತ್ರ, ಅಂದರೆ ಎಫ್‌ಸಿ, ಇಲ್ಲದ ಬಸ್ಸು, ಲಾರಿ, ಟ್ಯಾಕ್ಸಿಗಳ ನೋಂದಣಿಯೇ ಊರ್ಜಿತವಲ್ಲ ಎನ್ನುತ್ತದೆ ಅದು. ಹೊಸ ಗಾಡಿಗೆ ಎರಡು ವರ್ಷದ ಎಫ್‌ಸಿ. ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷಕ್ಕೆ, ಆಮೇಲೆ ಪ್ರತಿವರ್ಷ ನವೀಕರಣ. ಸ್ವಂತ ಕಾರು, ಬೈಕಿನವರಿಗೆ 15 ವರ್ಷ ಈ ಗೊಡವೆಯಿಲ್ಲ. ಹೊಗೆ ತಪಾಸಣೆ ಮಾತ್ರ ಪೆಟ್ರೋಲು, ಡೀಸೆಲ್ ಗಾಡಿಗಳನ್ನು ಬಿಡದು: ಮೊದಲ ವರ್ಷ ಕಳೆದ ಮೇಲೆ ಬಿಎಸ್-4, ಬಿಎಸ್-6 ಹೊಗೆ ಮಾನದಂಡದ ವಾಹನಗಳಿಗೆ ವರ್ಷಕ್ಕೊಮ್ಮೆ, ಹಳೆಯವಕ್ಕೆ ಆರು ತಿಂಗಳಿಗೊಮ್ಮೆ.

ಪರೀಕ್ಷೆಯ ದಿನ ಛಾಸಿ ನಂಬರಿನ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನು ನೋಂದಣಿ ಪತ್ರ, ಅಂದರೆ ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಬ್ರೇಕು, ಟೈರಿನ ಸವೆತ, ದೀಪ, ವೈಪರು, ವೇಗ ನಿಯಂತ್ರಕ ಎಲ್ಲವೂ ಇನ್‌ಸ್ಪೆಕ್ಟರ ಕಣ್ಣಿಗೆ ಬೀಳಬೇಕು. ತೊಡಕು ಶುರುವಾಗುವುದು ಮರುದಿನ. ಕಳಚಿಟ್ಟ ಬಣ್ಣದ ದೀಪ, ಕರ್ಕಶ ಹಾರ್ನು ಮತ್ತೆ ಗಾಡಿ ಏರುತ್ತವೆ. ಇಂಥ ಮಾರ್ಪಾಟನ್ನು 52ನೇ ಕಲಮು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಮಾರ್ಪಾಟಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ.

2022ರ ಅಕ್ಟೋಬರ್ 5ರ ರಾತ್ರಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ, ಎರ್ನಾಕುಳಂ ಜಿಲ್ಲೆಯ ಮುಳಂತುರುತ್ತಿಯಿಂದ ಶಾಲಾಮಕ್ಕಳನ್ನು ಊಟಿಗೆ ಒಯ್ಯುತ್ತಿದ್ದ ಪ್ರವಾಸಿ ಬಸ್ಸು ಕೇರಳದ ಕೆಎಸ್‌ಆರ್‌ಟಿಸಿ ಬಸ್ಸಿಗೆ ಹಿಂದಿನಿಂದ ಗುದ್ದಿ ಒಂಬತ್ತು ಮಂದಿ ಸತ್ತರು. ಗಂಟೆಗೆ 80 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ತಡೆಯಬೇಕಿದ್ದ ಬಸ್ಸು 97 ಕಿ.ಮೀ. ದಾಟಿದ್ದನ್ನು ಜಿಪಿಎಸ್ ತೋರಿಸಿತು. ಹೈಕೋರ್ಟು ಮಧ್ಯೆ ಪ್ರವೇಶಿಸಿತು. ರಾಜ್ಯದಾದ್ಯಂತ ತಪಾಸಣೆ ನಡೆಯಿತು. ಪ್ರವಾಸಿ ಬಸ್ಸುಗಳಿಗೆ ಬಿಳಿ ಬಣ್ಣದ ನಿಯಮ ಬಿಗಿಯಾಯಿತು. ಬಣ್ಣ ಬಳಿದ ಮಾತ್ರಕ್ಕೆ ಬ್ರೇಕು ಹಿಡಿಯುವುದಿಲ್ಲ ಎಂದು ಬಸ್ಸಿನವರು ಗೊಣಗಿದರೆ ತಪ್ಪೆನ್ನಲಾಗದು.

ಅಪಘಾತದ ಗಾಡಿಯನ್ನು ಪರೀಕ್ಷೆಗೆ ಒಯ್ದರೆ, ವಿಧಿಗಳು ಮುಗಿದ 24 ಗಂಟೆಯೊಳಗೆ ಮರಳಿಸಬೇಕೆಂದು 136ನೇ ಕಲಮು ಹೇಳುತ್ತದೆ. ಠಾಣೆಗಳ ಅಂಗಳದಲ್ಲಿ ಇದರ ಗುರುತು ಕಾಣುವುದು ಅಪರೂಪ.

ಎಫ್‌ಸಿ ತಪ್ಪಿಸಿದವರಿಗೆ ದಂಡಕ್ಕಿಂತ ದೊಡ್ಡ ಏಟು ವಿಮೆಯಿಂದ. ಎಫ್‌ಸಿ ಇಲ್ಲದಿರುವುದು ವಿಮಾ ಒಪ್ಪಂದದ ಮೂಲಭೂತ ಉಲ್ಲಂಘನೆ ಎಂದು ಕೇರಳ ಹೈಕೋರ್ಟಿನ ಪೂರ್ಣಪೀಠ 2018ರಲ್ಲಿ ತೀರ್ಪಿತ್ತಿತು. ಸಂತ್ರಸ್ತರಿಗೆ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಬಹುದು.