ನೆಲದಿಂದೆದ್ದ ನಾಣ್ಯಗಳ ಸ್ಥಿತಿ ಮತ್ತು ಬೆಲೆ: ಒಂದು ಟಿಪ್ಪಣಿ

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಹವ್ಯಾಸಿಗಳು ಮೆಟಲ್ ಡಿಟೆಕ್ಟರ್ ಹಿಡಿದು ಎತ್ತುವ ನಾಣ್ಯಗಳಲ್ಲಿ ಹೆಚ್ಚಿನವು ವ್ಯಾಪಾರಿಗಳ ದರಪಟ್ಟಿಗೆ ಒಗ್ಗುವಂಥವಲ್ಲ. ದರಪಟ್ಟಿ ಹುಟ್ಟಿದ್ದು ಸಂಗ್ರಾಹಕರ ಪೆಟ್ಟಿಗೆಯಲ್ಲಿ ಜೋಪಾನವಾಗಿ ಉಳಿದುಬಂದ ನಾಣ್ಯಗಳಿಗಾಗಿ. ಹೊಲದ ನಾಣ್ಯ ಜನರ ಕೈಯಲ್ಲಿ ಸವೆದಿರುತ್ತದೆ, ಮಣ್ಣಿನಲ್ಲಿ ಕೆಟ್ಟಿರುತ್ತದೆ, ಎಷ್ಟೋ ಸಲ ಸಿಕ್ಕ ಮೇಲೆ ಸಿಕ್ಕವರಿಂದ ಇನ್ನಷ್ಟು ಕೆಡುತ್ತದೆ. ಈ ಮೂರನ್ನೂ ಒಟ್ಟುಮಾಡಿ ‘ಫೈನ್’, ‘ವೆರಿ ಫೈನ್’ ಎಂದು ದರ್ಜೆ ಕೊಟ್ಟು ಒಂದೇ ಮಾತಿನಲ್ಲಿ ಮುಗಿಸುವ ರೂಢಿ ಸರಿಯಲ್ಲ ಎಂಬುದು ಈ ಟಿಪ್ಪಣಿಯ ವಾದ.

ಅಂಕಿ ಕೊಡುವ ಪದ್ಧತಿಯಿಂದಲೂ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ. ಇಂದು ಬಳಕೆಯಲ್ಲಿರುವ 1ರಿಂದ 70ರ ಅಳತೆಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಮಂಡಿಸಿದ್ದು 1793ರಿಂದ 1814ರವರೆಗಿನ ಅಮೆರಿಕದ ತಾಮ್ರದ ಸೆಂಟುಗಳಿಗಾಗಿ. ಅದೂ ಬೆಲೆಯ ಅನುಪಾತವಾಗಿ: 70ರ ದರ್ಜೆಯದಕ್ಕೆ 1ರ ದರ್ಜೆಯದರ ಎಪ್ಪತ್ತು ಪಟ್ಟು ಬೆಲೆ. ಮಾರುಕಟ್ಟೆ ಆ ಲೆಕ್ಕವನ್ನು ಎಂದೋ ದಾಟಿಹೋಯಿತು, ಅಂಕಿ ಮಾತ್ರ ಉಳಿದುಕೊಂಡಿತು.

ಸವೆತವನ್ನು ಗುರುತಿಸುವುದೇ ಮೊದಲ ಕಷ್ಟ. ಎರಡನೆಯ ಹೆನ್ರಿಯ ಕಾಲದಲ್ಲಿ, 1158ರಿಂದ 1180ರವರೆಗೆ, ಟಂಕಿಸಿದ ಬೆಳ್ಳಿ ಪೆನ್ನಿಗಳನ್ನು ‘ಟೀಲ್ಬಿ’ ಪೆನ್ನಿಗಳೆನ್ನುತ್ತಾರೆ. ಅಚ್ಚಿನ ಕೆಲಸ ಎಷ್ಟು ಒರಟೆಂದರೆ ಟಂಕಸಾಲೆಯಿಂದ ಹೊರಬಿದ್ದ ದಿನವೇ ಅರ್ಧ ಅಕ್ಷರಗಳು ಮೂಡಿರುತ್ತಿರಲಿಲ್ಲ. ಇಂಥದನ್ನು ಕಂಡು ‘ಬಹಳ ಸವೆದಿದೆ’ ಎಂದು ಬರೆದುಬಿಡುವುದುಂಟು. ಭೂತಗನ್ನಡಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಕೈಯಲ್ಲಿ ಸವೆದದ್ದಾದರೆ ಕೆನ್ನೆ, ಮುಡಿ, ಕಿರೀಟದಂಥ ಎತ್ತರದ ಭಾಗಗಳೆಲ್ಲ ಸಮನಾಗಿ ನುಣುಪಾಗಿರುತ್ತವೆ. ಅಚ್ಚು ಸರಿಯಾಗಿ ಕೂರದ್ದಾದರೆ ಒಂದು ಕಡೆ ಬೋಳು, ಅದರ ಪಕ್ಕದಲ್ಲೇ ಚೂಪಾದ ಅಕ್ಷರ. ಬೋಳು ಜಾಗದಲ್ಲಿ ಬಿಲ್ಲೆಯ ಮೊದಲಿನ ಒರಟು ಹಾಗೇ ಇರುತ್ತದೆ. ಈ ಪೆನ್ನಿಗಳಿಗೆ ಹೆಸರು ಬಂದದ್ದು 1807ರಲ್ಲಿ ಲಿಂಕನ್‌ಶೈರಿನ ಟೀಲ್ಬಿಯಲ್ಲಿ ಸಿಕ್ಕ ಐದು ಸಾವಿರಕ್ಕೂ ಹೆಚ್ಚು ನಾಣ್ಯಗಳ ರಾಶಿಯಿಂದ. ಅದರಲ್ಲಿ ಬಹುಪಾಲನ್ನು ಬೆಳ್ಳಿಯ ತೂಕಕ್ಕೆ ಹಾಕಿ ಕರಗಿಸಿದರು. ಬೆಲೆ ಕಟ್ಟುವುದರಲ್ಲಿ ಅದಕ್ಕಿಂತ ದುಬಾರಿಯಾದ ತಪ್ಪು ಬೇರೊಂದು ನನಗೆ ತೋಚದು.

ಮಣ್ಣಿನ ಹಾನಿ ಲೋಹವನ್ನು ಅವಲಂಬಿಸಿದೆ. ಚಿನ್ನಕ್ಕೆ ಅದು ಬಹುಮಟ್ಟಿಗೆ ಇಲ್ಲ. ಮೂರನೆಯ ಹೆನ್ರಿ 1257ರಲ್ಲಿ ಹೊರಡಿಸಿದ ಚಿನ್ನದ ಪೆನ್ನಿಯೊಂದು 2021ರಲ್ಲಿ ಡೆವನ್ನಿನ ಹೊಲದಲ್ಲಿ ಸಿಕ್ಕಿ, ಮರುವರ್ಷ ಹರಾಜಿನಲ್ಲಿ 5,40,000 ಪೌಂಡಿಗೆ ಹೋಯಿತು. ಅಂಥವು ಬೆರಳೆಣಿಕೆಯಷ್ಟೇ ಇರುವಾಗ ದರ್ಜೆಯ ಚರ್ಚೆ ಹಿಂದೆ ಬೀಳುತ್ತದೆ. ಬೆಳ್ಳಿಗೆ ಕ್ಲೋರೈಡಿನ ಕಪ್ಪು ಪದರ ಕೂರುತ್ತದೆ. ಕಲಬೆರಕೆಯ ಬೆಳ್ಳಿಯಾದರೆ ಒಳಗಿನ ತಾಮ್ರ ಹೊರಬಂದು ಹಸಿರಾಗುತ್ತದೆ.

ನಿಜವಾದ ಸಮಸ್ಯೆ ತಾಮ್ರ ಮತ್ತು ಕಂಚಿನದು. ಎಲ್ಲ ಕಿಲುಬೂ ಒಂದೇ ಅಲ್ಲ. ಗಟ್ಟಿಯಾಗಿ, ಒಂದೇ ಸಮನಾಗಿ ಕೂತ ಕಡು ಹಸಿರು ಪದರ ನಾಣ್ಯಕ್ಕೆ ರಕ್ಷೆ. ತಿಳಿಹಸಿರು ಪುಡಿ, ಕಡ್ಡಿ ತಾಗಿಸಿದರೆ ಉದುರುವಂಥದು, ರೋಗ. ಒಳಗೆ ಸೇರಿದ ಕ್ಲೋರೈಡು ಗಾಳಿಯ ತೇವ ಸೋಕಿದಾಗಲೆಲ್ಲ ಲೋಹವನ್ನು ತಿನ್ನುತ್ತ ಹೋಗುತ್ತದೆ. ಎಷ್ಟೋ ರೋಮನ್ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖ ಉಳಿದಿರುವುದು ಲೋಹದಲ್ಲಲ್ಲ, ಆ ಹಸಿರು ಪದರದಲ್ಲೇ. ಹಿತ್ತಾಳೆ ಚೊಂಬು ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಅದರ ಆಮ್ಲ ಕಿಲುಬಿನ ಜೊತೆ ಮುಖವನ್ನೂ ತೊಳೆದುಬಿಡುತ್ತದೆ. ಕೆಳಗೆ ಉಳಿಯುವುದು ಗುಳಿಬಿದ್ದ ಕೆಂಪು ಬಿಲ್ಲೆ. ಸಂಗ್ರಾಹಕರು ಅದನ್ನು ಮೂಸಿಯೂ ನೋಡುವುದಿಲ್ಲ.

ಇನ್ನು ಮಾಹಿತಿಯ ಬೆಲೆ. ನಾಲ್ಕನೆಯ ಶತಮಾನದ ರೋಮನ್ ಚಿಲ್ಲರೆ ಕಾಸುಗಳು ಬ್ರಿಟನ್ನಿನ ಹೊಲಗಳಲ್ಲಿ ಧಾರಾಳ. ಉಗುರಿನಗಲದ ಇಂಥ ಒಂದನ್ನು ತೆಗೆದುಕೊಳ್ಳಿ: ಮುಮ್ಮೈ ಪೂರ್ತಿ ಅಳಿಸಿದೆ, ಹಿಮ್ಮೈಯಲ್ಲಿ ಎದುರುಬದುರು ನಿಂತ ಇಬ್ಬರು ಸೈನಿಕರ ಕಾಲುಗಳು, ನಡುವೆ ಧ್ವಜದ ಕಂಬ. ಕಂಬ ಎರಡಿದ್ದರೆ ನಾಣ್ಯ ಕ್ರಿ.ಶ. 330ರಿಂದ 335ರೊಳಗಿನದು. ಒಂದೇ ಇದ್ದರೆ 335ರ ನಂತರದ ಐದಾರು ವರ್ಷಗಳದು. ಅಡಿಗೆರೆಯ ಕೆಳಗೆ ‘ಟಿ ಆರ್’ ಎಂಬಷ್ಟು ಓದಲು ಬಂದರೆ ಟಂಕಸಾಲೆ ಟ್ರಿಯರ್ ನಗರದ್ದು. ವ್ಯಾಪಾರಿಯ ಮಟ್ಟಿಗೆ ಇದು ಹಿಡಿ ತುಂಬ ಕೊಡುವ ಸರಕು. ರೋಮನ್ ನಾಣ್ಯಗಳ ವಿದ್ವಾಂಸ ರಿಚರ್ಡ್ ರೀಸ್ ಅವರ ಮಟ್ಟಿಗೆ ಮಾತು ಬೇರೆ: ಅವರು ಬ್ರಿಟನ್ನಿನ 140 ನೆಲೆಗಳ ನಾಣ್ಯಗಳನ್ನು ಕಾಲಘಟ್ಟಗಳಾಗಿ ವಿಂಗಡಿಸಿ, ಯಾವ ನೆಲೆಯಲ್ಲಿ ಯಾವ ಕಾಲದ ಹಣ ಎಷ್ಟು ಬಿದ್ದಿದೆ ಎಂದು ಹೋಲಿಸಿದರು. ಆ ಲೆಕ್ಕಕ್ಕೆ ಅಳಿಸಿದ ಕಾಸೂ ಹೊಳೆಯುವ ಕಾಸಿಗೆ ಸಮ. ಹೊಳೆಯುವುದು ಸಿಕ್ಕ ಜಾಗ ಗೊತ್ತಿಲ್ಲದಿದ್ದರೆ ಅಳಿಸಿದ್ದೇ ಮೇಲು.

ಸಾಮರ್‌ಸೆಟ್ಟಿನ ಫ್ರೋಮ್ ಬಳಿಯ ಹೊಲದಲ್ಲಿ 2010ರ ಏಪ್ರಿಲಿನಲ್ಲಿ ಸಿಕ್ಕ ರಾಶಿ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 160 ಕಿಲೋ ತೂಕದ 52,503 ನಾಣ್ಯಗಳು, ಒಂದೇ ಗಡಿಗೆಯಲ್ಲಿ. ಗಡಿಗೆಯ ಬಾಯಿ ಕಂಡೊಡನೆ ಹವ್ಯಾಸಿ ಅಗೆಯುವುದನ್ನು ನಿಲ್ಲಿಸಿ ಪುರಾತತ್ತ್ವಜ್ಞರನ್ನು ಕರೆಸಿದ. ಅವರು ಪದರ ಪದರವಾಗಿ ತೆಗೆದು, ಪದರಗಳನ್ನು ಬೇರೆ ಬೇರೆ ಇಟ್ಟರು. ರಾಶಿಯಲ್ಲಿ ಎಲ್ಲಕ್ಕಿಂತ ಈಚಿನವು ಬ್ರಿಟನ್ನಿನಲ್ಲಿ ಆಳಿದ ರೋಮನ್ ಚಕ್ರವರ್ತಿ ಕರೌಸಿಯಸ್‌ನ (286–293) ನಾಣ್ಯಗಳು. ವರ್ಷವರ್ಷವೂ ಉಳಿಸಿ ತುಂಬಿದ ಗಡಿಗೆಯಾಗಿದ್ದರೆ ಅವು ಮೇಲೆ ಇರಬೇಕಿತ್ತು. ಹೆಚ್ಚಿನವು ಅರ್ಧಕ್ಕಿಂತ ಕೆಳಗೆ ಸಿಕ್ಕವು. ಹಣವನ್ನು ಒಂದೇ ಸಲಕ್ಕೆ ಸುರಿದಿರಬೇಕು ಎಂಬ ಊಹೆಗೆ ಆಧಾರ ಇದು. ತೆಳು ಗಡಿಗೆಯಲ್ಲಿ ಅಷ್ಟು ಭಾರ ತುಂಬಿ ಹೊತ್ತು ಸಾಗಿಸಲಾಗದು, ಹಾಗಾಗಿ ಮೊದಲು ಹೂತು ಆಮೇಲೆ ತುಂಬಿರಬೇಕು. ಈ ರಾಶಿಗೆ ಕಟ್ಟಿದ ಬೆಲೆ 3,20,250 ಪೌಂಡ್. ಭಾಗಿಸಿದರೆ ನಾಣ್ಯಕ್ಕೆ ಆರು ಪೌಂಡಿಗಿಂತ ತುಸು ಹೆಚ್ಚು. ಬಕೆಟ್ಟಿಗೆ ಸುರಿದು ಮನೆಗೆ ಒಯ್ದಿದ್ದರೂ ನಾಣ್ಯಗಳ ದರ್ಜೆ ಇಷ್ಟೇ ಇರುತ್ತಿತ್ತು, ಆದರೆ ಮೇಲಿನ ಎರಡು ಮಾತುಗಳನ್ನು ಹೇಳಲು ಯಾರಿಗೂ ಆಗುತ್ತಿರಲಿಲ್ಲ.

ದರಪಟ್ಟಿ ‘ದೋಷ’ವೆಂದು ಬರೆಯುವುದನ್ನು ನಮ್ಮ ನೆಲದ ನಾಣ್ಯಗಳ ಮುಂದಿಟ್ಟು ನೋಡಬೇಕು. ಪುದುಕೋಟೆ ಸೀಮೆಯಲ್ಲಿ 1898ರಲ್ಲಿ ಸಿಕ್ಕ ಸುಮಾರು 500 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುತೇಕ ಎಲ್ಲದರ ಮೇಲೂ ಚಕ್ರವರ್ತಿಯ ಮುಖಕ್ಕೆ ಉಳಿಯ ಕಚ್ಚಿದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ದೊರೆತ ಬೈಜಾಂಟಿಯಂ ಚಿನ್ನದ ನಾಣ್ಯಗಳಲ್ಲಿ ತಲೆಯ ಮೇಲ್ಗಡೆ ಜೋಡಿ ತೂತು ಕೊರೆದವುಗಳಿವೆ. ಪೋಣಿಸಿದಾಗ ಮುಖ ನೆಟ್ಟಗೆ ನಿಲ್ಲಲೆಂದೇ ತೂತು ಅಲ್ಲಿ ಬಿದ್ದಿದೆ. ಕಾಸಿನ ಸರ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹರಾಜಿನವರ ಭಾಷೆಯಲ್ಲಿ ಎರಡೂ ಹಾನಿಗೊಳಗಾದ ನಾಣ್ಯಗಳು. ನನ್ನ ಅಭಿಪ್ರಾಯದಲ್ಲಿ ಅವು ಎರಡು ಬಾಳು ಬಾಳಿದವು, ಮತ್ತು ಎರಡನೆಯದು ನಡೆದದ್ದು ಇಲ್ಲಿ.

ಹೀಗಾಗಿ ದಾಖಲೆಯಲ್ಲಿ ತೂಕ, ಅಚ್ಚಿನ ಗುಣ, ಕೈಯ ಸವೆತ, ಮಣ್ಣಿನ ಹಾನಿ, ತೂತು–ಕಚ್ಚುಗಳು, ಸಿಕ್ಕ ಮೇಲೆ ಆದ ಹಾನಿ ಇವಕ್ಕೆ ಬೇರೆ ಬೇರೆ ಅಂಕಣ ಬೇಕು; ಸಿಕ್ಕ ಜಾಗ ಮತ್ತು ಆಳಕ್ಕೆ ಎಲ್ಲಕ್ಕಿಂತ ಮೊದಲ ಅಂಕಣ. ಬೆಲೆ ಕೊನೆಗಿರಲಿ.

ಕಾನೂನು ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಒಂದೇ ಅಲ್ಲ. ಇಂಗ್ಲೆಂಡಿನ 1996ರ ನಿಧಿ ಕಾಯ್ದೆಯ ಪ್ರಕಾರ 300 ವರ್ಷ ದಾಟಿದ, ಒಟ್ಟಿಗೆ ಸಿಕ್ಕ ಎರಡು ಅಥವಾ ಹೆಚ್ಚು ಚಿನ್ನ–ಬೆಳ್ಳಿ ನಾಣ್ಯಗಳು ನಿಧಿ. ಒಂಟಿ ನಾಣ್ಯ ಸಾಮಾನ್ಯವಾಗಿ ಅಲ್ಲ. ಅಲ್ಲಿನ ಹವ್ಯಾಸವನ್ನು ಕಂಡು ಇಲ್ಲಿ ಯಂತ್ರ ಹಿಡಿದು ಹಾಳು ಕೋಟೆ, ಗುಡಿಗಳ ಸುತ್ತ ಅಗೆಯಹೊರಟರೆ ಅದು ಅಪರಾಧವಾಗುತ್ತದೆ. ಆದರೆ ಉಳುವಾಗ, ಪಾಯ ತೆಗೆಯುವಾಗ ನಾಣ್ಯ ತಾನಾಗಿ ಸಿಗುವುದುಂಟು. ಸಿಕ್ಕರೆ ತೊಳೆಯಬೇಡಿ, ತಿಕ್ಕಬೇಡಿ. ಒಣ ಕಾಗದದಲ್ಲಿ ಸುತ್ತಿ, ಸರ್ವೆ ನಂಬರ್ ಮತ್ತು ಆಳ ಬರೆದಿಟ್ಟು, ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ.